ಆನೇಕಲ್ ಬಿಟ್ಟು ಹೊಸೂರಿನಲ್ಲಿ ದಾವೆ ಹಾಕಿದ ನನ್ನ ಅನುಭವ

ಬಾಕಿ ವಸೂಲಿ ಅಂದರೆ ಎಲ್ಲರೂ ಹೇಳುವುದು ಒಂದೇ ಮಾತು. "ನಮ್ಮೂರ ಕೋರ್ಟ್‌ನಲ್ಲೇ ಹಾಕಿ ಸಾರ್, ಅವನೇ ಅಲೆದಾಡಲಿ." ನಾನೂ ಹಾಗೇ ಮಾಡಿ ಕೈ ಸುಟ್ಟುಕೊಂಡವನು. 2019ರಲ್ಲಿ ಉಲ್ಟಾ ಮಾಡಿದೆ. ಶಾಪ್ ಇರುವುದು ಆನೇಕಲ್ ತಾಲ್ಲೂಕಿನ ಜಿಗಣಿಯಲ್ಲಿ, ದಾವೆ ಹಾಕಿದ್ದು ತಮಿಳುನಾಡಿನ ಹೊಸೂರಿನಲ್ಲಿ. ನಮ್ಮ ವಕೀಲರೂ ಸೇರಿ ಎಲ್ಲರೂ ನಕ್ಕರು.

ಮೊದಲು ಸೋತ ಕಥೆ. ಕೊಯಮತ್ತೂರಿನ ಪಾರ್ಟಿ, ಒಂದೂಮುಕ್ಕಾಲು ಲಕ್ಷ ಬಾಕಿ. ಆನೇಕಲ್‌ನಲ್ಲಿ ಹಾಕಿದೆ, ಕೋರ್ಟ್ ಫೀ ಹತ್ತಿರ ಹತ್ತಿರ 12 ಸಾವಿರ. ಅವನು ಬರಲೇ ಇಲ್ಲ. ಅವನಿಲ್ಲದೆಯೇ ನನ್ನ ಪರ ತೀರ್ಪು, ಅಂದರೆ ಎಕ್ಸ್‌ಪಾರ್ಟಿ ಡಿಕ್ರಿ ಆಯಿತು, ಶಾಪ್‌ನಲ್ಲಿ ಮೈಸೂರು ಪಾಕ್ ಹಂಚಿದೆ. ಆಮೇಲೆ ನೋಡಿದರೆ ಅವನ ಮಿಷನ್ನು, ಬ್ಯಾಂಕ್ ಖಾತೆ ಎಲ್ಲಾ ಅಲ್ಲಿ. ಡಿಕ್ರಿಯನ್ನು ಅಲ್ಲಿನ ಕೋರ್ಟ್‌ಗೆ ವರ್ಗ ಮಾಡಿಸಬೇಕು, ಅಲ್ಲೊಬ್ಬ ವಕೀಲರನ್ನು ಹಿಡಿಯಬೇಕು. ಎರಡು ಸಲ ಹೋಗಿ ಬಂದು ಸುಸ್ತಾಗಿ ಬಿಟ್ಟೆ. ಆ ಡಿಕ್ರಿ ಕಾಪಿ ಈಗಲೂ ಬೀರುವಿನಲ್ಲಿದೆ.

ಇನ್ನೊಂದು ಸೇಲಂ ಪಾರ್ಟಿಯ ಚೆಕ್ ಬೌನ್ಸ್, 90 ಸಾವಿರದ್ದು. ಇಲ್ಲೇ ಕೇಸ್ ಹಾಕಿದ್ದೆ. 2014ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್, ಚೆಕ್ ಕೊಟ್ಟವನ ಬ್ಯಾಂಕ್ ಇರುವ ಕಡೆಯೇ ಕೇಸ್ ನಡೆಯಬೇಕು ಅಂದಿತು. ಫೈಲು ಸೇಲಂಗೆ ಹೋಯಿತು. 2015ರಲ್ಲಿ ಕಾಯ್ದೆ ತಿದ್ದುಪಡಿ ಆಗಿ, ಚೆಕ್ ಪಡೆದವನ ಖಾತೆ ಇರುವ ಬ್ರಾಂಚ್ ಲೆಕ್ಕ ಅಂತಾಯಿತು. ಮತ್ತೆ ಫೈಲು ಇಲ್ಲಿಗೆ. ಕೊನೆಗೆ 70 ಸಾವಿರಕ್ಕೆ ರಾಜಿ. ಓಡಾಟಕ್ಕೇ 20 ಸಾವಿರ ಹೋಗಿರಬೇಕು.

ಈಗ ಹೊಸೂರು. ಅಲ್ಲಿನ ಪಾರ್ಟಿಗೆ ಬುಷ್ ಅನ್ನುವ ಮಿಷನ್ ಬಿಡಿಭಾಗ ಸಪ್ಲೈ ಮಾಡಿದ್ದು, ಅಸಲು 2 ಲಕ್ಷ 60 ಸಾವಿರ. ಬಡ್ಡಿ ಪೂರ್ತಿ ಹಾಕಿದರೆ 3 ಲಕ್ಷ ದಾಟುತ್ತಿತ್ತು. ದಾಟಿದರೆ ಕಮರ್ಷಿಯಲ್ ದಾವೆ, ಮೊದಲು ಮಧ್ಯಸ್ಥಿಕೆಗೆ ಹೋಗಿ ಕೂರಬೇಕು. ಅದಕ್ಕೇ ಬಡ್ಡಿಯಲ್ಲಿ ಸ್ವಲ್ಪ ಬಿಟ್ಟು 2 ಲಕ್ಷ 80 ಸಾವಿರಕ್ಕೆ ನಿಲ್ಲಿಸಿದೆ. ಸಣ್ಣ ಉದ್ಯಮಗಳ ಬಾಕಿ ತಕರಾರು ನೋಡುವ ಎಂಎಸ್‌ಎಂಇ ಕೌನ್ಸಿಲ್‌ಗೆ ಯಾಕೆ ಹೋಗಲಿಲ್ಲ ಅಂತ ಕೇಳಬೇಡಿ. ಮಾಲು ಕಳಿಸಿದಾಗ ನನ್ನ ಉದ್ಯೋಗ್ ಆಧಾರ್ (ಸಣ್ಣ ಉದ್ಯಮದ ಆಗಿನ ನೋಂದಣಿ) ಆಗಿರಲಿಲ್ಲ, ತಪ್ಪು ನನ್ನದೇ.

ಇಷ್ಟೇ ಮೊತ್ತಕ್ಕೆ ನಮ್ಮ ಕರ್ನಾಟಕದ ಫೀ ಸುಮಾರು 19 ಸಾವಿರ. ತಮಿಳುನಾಡಿನಲ್ಲಿ 2017ರಲ್ಲೇ ಶೇ 3ಕ್ಕೆ ಇಳಿಸಿದ್ದರು, ಅಂದರೆ 8,400. ಅತ್ತಿಬೆಲೆ ಗಡಿ ದಾಟಿದರೆ ಅರ್ಧಕ್ಕಿಂತ ಕಡಿಮೆ! ಡಿಕ್ರಿ ಆದರೆ ಜಾರಿಯೂ ಅಲ್ಲೇ.

ಭಾಷೆ ಕಷ್ಟ ಅಂತ ಹೆದರಿಸಿದ್ದರು. ಹೊಸೂರಿನಲ್ಲಿ ಕನ್ನಡ ಬರದವರು ಎಷ್ಟು ಜನ ಸಿಗ್ತಾರೆ ಹೇಳಿ? ವಕೀಲರ ಗುಮಾಸ್ತರೇ ನನ್ನ ಹತ್ತಿರ ಕನ್ನಡದಲ್ಲಿ ಮಾತಾಡುತ್ತಿದ್ದರು. ನಿಜವಾಗಿ ಕೆಲಸಕ್ಕೆ ಬಂದದ್ದು ಡೆಲಿವರಿ ಚಲನ್. ಅವರ ಗೇಟಿನ ಸೆಕ್ಯೂರಿಟಿ ಒತ್ತಿದ್ದ ನೇರಳೆ ಬಣ್ಣದ ಇನ್‌ವರ್ಡ್ ಸೀಲು (ಮಾಲು ಒಳಗೆ ಬಂತು ಅನ್ನುವ ಗುರುತು), ಅರ್ಧ ಅಳಿಸಿದ್ದರೂ ತಾರೀಕು ಕಾಣುತ್ತಿತ್ತು. ಮಾಲೇ ಬಂದಿಲ್ಲ ಅನ್ನುವ ಅವರ ವಾದ ಅಲ್ಲಿಗೆ ಮುಗಿಯಿತು. ಅವರ ಖಾತೆ ಯಾವ ಬ್ರಾಂಚ್‌ನಲ್ಲಿದೆ ಅಂತ ಹೇಗೆ ಪತ್ತೆ ಮಾಡಿದೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಟೀ ಕುಡಿಸಿದರೆ ಹೇಳ್ತೀನಿ.

ಕೊರೊನಾದಲ್ಲಿ ಒಂದು ವರ್ಷ ಸುಮ್ನೆ ಹೋಯಿತು. ಖಾತೆ ಜಪ್ತಿಗೆ ಅರ್ಜಿ ಹಾಕಿದ ಮೇಲೆ ಅವರೇ ಫೋನ್ ಮಾಡಿದರು. 2021ರಲ್ಲಿ ಹೊರಗೇ ಮಾತಾಡಿ ಎರಡೂವರೆ ಲಕ್ಷಕ್ಕೆ ಮುಗಿಸಿದೆವು, 3 ಕಂತು. ಅದೇ ವರ್ಷ ಸುಪ್ರೀಂ ಕೋರ್ಟ್, ತಮಿಳುನಾಡಿನ ಕಾಯ್ದೆಯಲ್ಲಿ ಹೀಗೆ ಹೊರಗೆ ರಾಜಿಯಾದರೂ ಕೋರ್ಟ್ ಫೀ ಪೂರ್ತಿ ವಾಪಸ್ ಅಂದಿತ್ತು. ನಮ್ಮಲ್ಲಾಗಿದ್ದರೆ ಆಗ ಅರ್ಧ, ಅದೂ ಸಾಕ್ಷಿ ಶುರುವಾಗುವ ಮೊದಲು ಮುಗಿದರೆ ಮಾತ್ರ. ಅರ್ಜಿ ಹಾಕಿದೆ. ಏಳೆಂಟು ತಿಂಗಳು ಹಿಡಿಯಿತು, 8,400 ವಾಪಸ್ ಬಂತು. ವಕೀಲರಿಗೆ 25 ಸಾವಿರ, ಹನ್ನೊಂದೋ ಹನ್ನೆರಡೋ ಸಲದ ಬಸ್ ಚಾರ್ಜು. ಖರ್ಚು ಅಷ್ಟೇ. ನಕ್ಕಿದ್ದ ನಮ್ಮ ವಕೀಲರು ಹೋದ ತಿಂಗಳು ಫೋನ್ ಮಾಡಿ ಆ ಗುಮಾಸ್ತರ ನಂಬರ್ ಕೇಳಿದರು.