ಕ್ಯಾಮೆರಾ ಕಣ್ಣಿಗೆ ಕಾಣುವ ಮಳೆ ಸುರಿಸುವುದು ಹೇಗೆ?

ಸಿನಿಮಾ, ಧಾರಾವಾಹಿಗಳ ಸ್ಪೆಷಲ್ ಎಫೆಕ್ಟ್ಸ್ ವಿಭಾಗಕ್ಕೆ ಸೇರಬೇಕೆನ್ನುವವರ ಕಣ್ಣು ಸಾಮಾನ್ಯವಾಗಿ ಬೆಂಕಿ, ಸ್ಫೋಟಗಳ ಮೇಲಿರುತ್ತದೆ. ಆದರೆ ಮೊದಲು ಕಲಿಯಬೇಕಾದದ್ದು ಮಳೆ. ನೀರಿನ ಲೆಕ್ಕ, ಪಂಪಿನ ಒತ್ತಡ, ಬೆಳಕಿನ ದಿಕ್ಕು, ಕರೆಂಟಿನ ಎಚ್ಚರ ಎಲ್ಲವೂ ಇದೊಂದರಲ್ಲೇ ಪಳಗುತ್ತವೆ.

ಪೈಪು ಜೋಡಿಸುವ ಮೊದಲು ಕ್ಯಾಮೆರಾಮನ್ ಜೊತೆ ಕೂತು ಮಾತಾಡಿ. ಕ್ಯಾಮೆರಾ ಕಡೆಯಿಂದ ಬೆಳಕು ಬಿದ್ದರೆ ಎಷ್ಟು ಸುರಿದರೂ ಮಳೆ ಕಾಣುವುದಿಲ್ಲ. ಹನಿಗಳ ಹಿಂದಿನಿಂದ ಬೆಳಕು ಬರಬೇಕು, ಹಿನ್ನೆಲೆ ಕಪ್ಪಾಗಿರಬೇಕು: ಮರದ ಗುಂಪು, ನೆರಳಿನ ಗೋಡೆ, ರಾತ್ರಿ. ಫ್ರೇಮಿನಲ್ಲಿ ಬಿಳಿ ಆಕಾಶವಿದ್ದರೆ ಮಳೆ ಅದರಲ್ಲೇ ಕರಗಿಹೋಗುತ್ತದೆ. ‘ಇನ್ನೂ ನೀರು ಬಿಡಿ’ ಎಂಬ ಕೂಗು ಬಂದಾಗ ಬಹುಪಾಲು ಬೇಕಿರುವುದು ನೀರಲ್ಲ, ಲೈಟಿನ ಜಾಗ ಬದಲಾವಣೆ.

ಸ್ಪ್ರಿಂಕ್ಲರನ್ನು 20–25 ಅಡಿ ಎತ್ತರಕ್ಕೆ ಕಟ್ಟಿ, ಬಾಯಿ ಮೇಲ್ಮುಖವಾಗಿರಲಿ. ನೀರು ಮೇಲಕ್ಕೆ ಚಿಮ್ಮಿ, ಒಡೆದು, ಹನಿಯಾಗಿ ತನ್ನ ತೂಕಕ್ಕೆ ತಾನೇ ಬೀಳಬೇಕು. ಕೆಳಮುಖವಾಗಿ ಬಿಟ್ಟರೆ ಬಚ್ಚಲುಮನೆಯ ಶವರ್ ತೆರೆದಂತಿರುತ್ತದೆ. ಹನಿ ತೀರಾ ಸಣ್ಣದಾದರೆ ಗಾಳಿಗೆ ತೇಲಿ ಮಂಜಿನಂತೆ ಕಾಣುತ್ತದೆ. ಸೆಕೆಂಡಿಗೆ 7 ಮೀಟರ್ ವೇಗದಲ್ಲಿ ಬೀಳುವ ಹನಿ 1/48 ಸೆಕೆಂಡಿನ ಶಟರಿನಲ್ಲಿ (ಒಂದು ಫ್ರೇಮಿಗೆ ಬೆಳಕು ಬೀಳುವ ಸಮಯ) ಸುಮಾರು 15 ಸೆಂ.ಮೀ. ಗೆರೆಯಾಗಿ ದಾಖಲಾಗುತ್ತದೆ, ಶಟರ್ ಸಮಯ ಕಡಿಮೆ ಮಾಡಿದಷ್ಟೂ ಗೆರೆ ಗಿಡ್ಡವಾಗುತ್ತದೆ.

ಈಗ ಟ್ಯಾಂಕರ್. ಪಂಪು ನಿಮಿಷಕ್ಕೆ 500 ಲೀಟರ್ ತಳ್ಳಿದರೆ 12,000 ಲೀಟರಿನ ಟ್ಯಾಂಕರ್ 24 ನಿಮಿಷಕ್ಕೆ ಖಾಲಿ. ರಿಹರ್ಸಲ್, ನೆಲ ನೆನೆಸುವುದು ಎಲ್ಲ ಇದರಲ್ಲೇ ಆಗಬೇಕು; ಎರಡನೇ ಟ್ಯಾಂಕರ್ ಸಾಲಿನಲ್ಲಿ ನಿಂತಿರಲಿ. ಪಂಪಿನ ಗೇಜಿನಲ್ಲಿ ಕಾಣುವ ಒತ್ತಡ ಸ್ಪ್ರಿಂಕ್ಲರಿಗೆ ಪೂರ್ತಿ ಸಿಗುವುದಿಲ್ಲ. 10 ಮೀಟರ್ ಏರಿಕೆಗೆ ಸುಮಾರು 1 ಬಾರ್ (ಒತ್ತಡದ ಅಳತೆ) ಹೋಗುತ್ತದೆ, ಪೈಪಿನ ಉದ್ದ ಇನ್ನಷ್ಟು ತಿನ್ನುತ್ತದೆ. ಹಾಗಾಗಿ ಮುಖ್ಯ ಲೈನಿಗೆ ಅಗ್ನಿಶಾಮಕದವರು ಬಳಸುವ 63 ಮಿ.ಮೀ. ಹೋಸ್ ಒಳ್ಳೆಯದು. ಪಂಪಿನ ಬಾಯಿಗೆ ಜಾಲರಿ ಕಡ್ಡಾಯ, ಒಂದು ಎಲೆ ಸಿಕ್ಕಿದರೂ ಸ್ಪ್ರಿಂಕ್ಲರ್ ಕಟ್ಟಿಕೊಳ್ಳುತ್ತದೆ. ಕಲಾವಿದರ ಬಾಯಿ, ಕಣ್ಣಿಗೆ ಹೋಗುವ ನೀರಿದು: ಕುಡಿಯುವ ನೀರನ್ನೇ ತರಿಸಿ. ಗಡಸು ಬೋರ್‌ವೆಲ್ ನೀರು ಒಣಗಿದ ಮೇಲೆ ಕಾರು, ಗಾಜಿನ ಮೇಲೆ ಬಿಳಿ ಕಲೆ ಬಿಡುತ್ತದೆ.

ಕಿಟಕಿಯ ಶಾಟಿಗೆ ಇಷ್ಟೆಲ್ಲ ಬೇಡ. 1 ಇಂಚಿನ ಪಿವಿಸಿ ಪೈಪಿಗೆ 2 ಇಂಚಿಗೊಂದರಂತೆ 2 ಮಿ.ಮೀ. ತೂತು ಕೊರೆದು, ಗಾಜಿನ ಮೇಲಂಚಿಗೆ ಕಟ್ಟಿದರೆ ಸಾಕು. ನೀರನ್ನು ಪೈಪಿನ ಮಧ್ಯದಿಂದ ಕೊಡಿ. ಒಂದೇ ತುದಿಯಿಂದ ಕೊಟ್ಟರೆ ಆಚೆ ತುದಿ ಸೊರಗುತ್ತದೆ.

ಗುಟ್ಟು ರಟ್ಟಾಗುವುದು ಒಣ ನೆಲದಲ್ಲಿ. ಫ್ರೇಮಿನಂಚಿನ ಗೋಡೆ, ದೂರದ ರಸ್ತೆ, ನಿಂತ ಗಾಡಿಗಳ ಮಾಡು ಎಲ್ಲವನ್ನೂ ಟೇಕಿಗೆ ಮುಂಚೆ ತೋಯಿಸಿ. ಸಿಂಕ್ ಸೌಂಡ್ (ಶೂಟಿಂಗ್ ವೇಳೆಯಲ್ಲೇ ಧ್ವನಿ ದಾಖಲಿಸುವುದು) ಇದ್ದರೆ ತಗಡಿನ ಮೇಲೆ ತೆಂಗಿನ ನಾರಿನ ಮ್ಯಾಟ್ ಹಾಸಿ, ಹನಿಯ ಸದ್ದು ತಗ್ಗುತ್ತದೆ.

ಕರೆಂಟಿನ ವಿಷಯದಲ್ಲಿ ರಾಜಿ ಬೇಡವೇ ಬೇಡ. ಜನರೇಟರಿಗೆ ಅರ್ಥಿಂಗ್, ಪ್ರತಿ ಲೈನಿಗೂ 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟು ಸೋರಿದೊಡನೆ ಲೈನ್ ಕಡಿಯುವ ಸ್ವಿಚ್), ನೆಲದಿಂದ ಎತ್ತರದಲ್ಲಿ ಕನೆಕ್ಟರುಗಳು. ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿ ನೋಡದೆ ನೀರು ಬಿಡಬೇಡಿ.

ವಾಲ್ವನ್ನು ನಿಧಾನವಾಗಿ ತೆರೆಯಿರಿ. ಥಟ್ಟನೆ ತೆರೆದರೆ ಅಥವಾ ಮುಚ್ಚಿದರೆ ನೀರಿನ ಹೊಡೆತಕ್ಕೆ ಜಾಯಿಂಟ್ ಕಿತ್ತು ಹೋಸ್ ಚಾಟಿಯಂತೆ ಬೀಸುತ್ತದೆ. ಪೈಪಿನ ಗಾಳಿ ಹೊರಹೋಗಿ ಮಳೆ ಒಂದೇ ಸಮ ಬೀಳತೊಡಗಿದ ಮೇಲಷ್ಟೇ ‘ರೋಲ್ ಕ್ಯಾಮೆರಾ’ ಅನ್ನಲು ಹೇಳಿ. ಪ್ಯಾಕಪ್ ಆದಾಗ ಮೊದಲು ಪಂಪು ನಿಲ್ಲಿಸಿ, ಲೈನಿನ ನೀರು ಇಳಿಸಿ, ಜನರೇಟರ್ ಆಫ್ ಆದ ಮೇಲೆ ಮಾತ್ರ ಒದ್ದೆ ಕೇಬಲ್ ಸುತ್ತಲು ಹುಡುಗರನ್ನು ಬಿಡಿ.