ಕುರ್ಚಿ ಎಣಿಸಿ ಖರ್ಚು ಹಿಡಿದ ಕಥೆ: ನನ್ನ ಅನುಭವ

ಕುರ್ಚಿ ಎಣಿಸಿಕೊಂಡು ಕೂತರೆ ರಾಜಕೀಯದ ದುಡ್ಡು ಸರಿಹೋಗುತ್ತಾ ಅಂತ ನಕ್ಕವರು ಹೊರಗಿನವರಲ್ಲ, ನಮ್ಮ ಬಳಗದವರೇ. ಈಗ ಅವರಲ್ಲೇ ಇಬ್ಬರು ಫೋನ್ ಮಾಡಿ "ಆ ಹಾಳೆ ಹೇಗೆ ಮಾಡಿದ್ರಿ ಸಾರ್" ಅಂತ ಕೇಳಿದ್ದಾರೆ. ಚುನಾವಣಾ ಸಭೆಯ ಕುರ್ಚಿ, ಶಾಮಿಯಾನ ನಾವೇ ಎಣಿಸಿ, ಅಭ್ಯರ್ಥಿ ತೋರಿಸಿದ ಖರ್ಚಿನ ಜೊತೆ ಹೋಲಿಸಲು ಬರೆದ ಹಾಳೆ ಅದು. ಹಾಗಾಗಿ ಬರೆಯುತ್ತಿದ್ದೇನೆ. ಆರ್‌ಟಿಐ (ಮಾಹಿತಿ ಹಕ್ಕು ಅರ್ಜಿ), ಅಭ್ಯರ್ಥಿಗಳ ಅಫಿಡವಿಟ್ ಎಲ್ಲ ನಿಮಗೆ ಗೊತ್ತೇ ಇದೆ, ಅದನ್ನು ಮತ್ತೆ ಹೇಳಲ್ಲ.

ಮೊದಲು ಸೋತ ಲೆಕ್ಕ. 2018ರಲ್ಲಿ ಚುನಾವಣಾ ಬಾಂಡ್ (ಹೆಸರು ಹೊರಗೆ ಬರದಂತೆ ಪಕ್ಷಕ್ಕೆ ದೇಣಿಗೆ ಕೊಡುವ ಪತ್ರ) ಬಂದಾಗ ಎಲ್ಲರ ಹಾಗೆ ನಾವೂ ಅದರ ವಿರುದ್ಧ ಸಹಿ ಸಂಗ್ರಹಕ್ಕೆ ಇಳಿದೆವು. ಮೂರು ಸಾವಿರದ ಹತ್ತಿರ ಸಹಿ, ಕರಪತ್ರಕ್ಕೇ ಐದು ಸಾವಿರ ಚಿಲ್ಲರೆ. ಕಟ್ಟು ರಿಜಿಸ್ಟರ್ಡ್ ಪೋಸ್ಟಿನಲ್ಲಿ ದೆಹಲಿಗೆ ಹೋಯಿತು, ತಲುಪಿದ್ದಕ್ಕೆ ಕಾರ್ಡ್ ವಾಪಸ್ ಬಂತು, ಅಷ್ಟೇ. ಮಿಕ್ಕ ಕರಪತ್ರ ಇನ್ನೂ ಅಟ್ಟದ ಮೇಲಿದೆ, ಮಗಳು ಅದರ ಹಿಂದೆ ಗಣಿತ ಮಾಡುತ್ತಾಳೆ.

ಆಮೇಲೆ 2023ರ ವಿಧಾನಸಭೆ ಚುನಾವಣೆ. ಮೇ 13ಕ್ಕೆ ಫಲಿತಾಂಶ ಬಂತು. ಅಲ್ಲಿಂದ 30 ದಿನದೊಳಗೆ ಅಭ್ಯರ್ಥಿಗಳು ಖರ್ಚಿನ ಲೆಕ್ಕ ಕೊಡಬೇಕಲ್ವಾ, ನಾನು ಜೂನ್ ಮುಗಿಯುವುದರೊಳಗೆ ಆರ್‌ಟಿಐ ಹಾಕಿದೆ. ತಿರಸ್ಕಾರ. 150 ಪದ ದಾಟಿದೆ, ವಿಷಯ ಒಂದಕ್ಕಿಂತ ಜಾಸ್ತಿ ಇದೆ ಅಂತ. ಇಷ್ಟು ವರ್ಷ ಅರ್ಜಿ ಹಾಕಿದವನು ಇದರಲ್ಲಿ ಎಡವಿದೆನಲ್ಲ ಅಂತ ನನ್ನ ಮೇಲೇ ಸಿಟ್ಟು ಬಂತು. ಎರಡನೇ ಅರ್ಜಿ, ಮೇಲ್ಮನವಿ, ಓಡಾಟ. ಕೊನೆಗೆ ಪುಟಕ್ಕೆ 2 ರೂಪಾಯಿಯಂತೆ ಸಾವಿರದ ನಾನೂರೋ ಏನೋ ಕಟ್ಟಿ ಎಂಬ್ರಾಯ್ಡರಿಯಂಥ ಕೈಬರಹದ ಒಂದು ರಾಶಿ ಝೆರಾಕ್ಸ್ ತಂದೆ. ಅಷ್ಟರಲ್ಲಿ ಏಳೆಂಟು ತಿಂಗಳು ಕಳೆದಿತ್ತು.

ಆಗ ಒಬ್ಬ ನಿವೃತ್ತ ಗುಮಾಸ್ತರು ಹೇಳಿದರು, "ಇದಕ್ಕೆ ಆರ್‌ಟಿಐ ಯಾಕ್ರೀ, 1961ರ ಚುನಾವಣಾ ನಿಯಮ ತೆಗೆದು 88ನೇದು ನೋಡ್ರಿ." ನೋಡಿದೆ. ಒಂದು ರೂಪಾಯಿ ಕಟ್ಟಿದರೆ ಯಾರು ಬೇಕಾದರೂ ಅಭ್ಯರ್ಥಿಯ ಲೆಕ್ಕ ತೆಗೆದು ನೋಡಬಹುದು! ಮಾರನೇ ದಿನವೇ ಜಿಲ್ಲಾ ಚುನಾವಣಾ ಕಚೇರಿಗೆ ಹೋದೆ. ಕಚೇರಿಯವರು ಅಂಥ ನಿಯಮವೇ ಇಲ್ಲ ಅಂದರು. ಪ್ರಿಂಟ್ ತೋರಿಸಿದ ಮೇಲೆ, ಒಂದು ರೂಪಾಯಿಗೆ ರಸೀದಿ ಹರಿಯುವ ಪುಸ್ತಕ ಇಲ್ಲ ಅಂದರು. ಮೂರು ಸಲ ಬಸ್ಸಿಗೆ ಹೋಗಿ ಬಂದೆ. ಒಂದು ರೂಪಾಯಿ ಕಟ್ಟಲು ನಾನೂರು ರೂಪಾಯಿ ಬಸ್ ಚಾರ್ಜು.

ಕಡೆಗೂ ಅಭ್ಯರ್ಥಿಯ ಖರ್ಚಿನ ಪುಸ್ತಕ ಕೈಗೆ ಸಿಕ್ಕಿತು. ಬಿಳಿ ಹಾಳೆಯಲ್ಲಿ ದಿನದ ಖರ್ಚು, ಗುಲಾಬಿಯಲ್ಲಿ ನಗದು, ಹಳದಿಯಲ್ಲಿ ಬ್ಯಾಂಕು. ಅಭ್ಯರ್ಥಿಯ ಖರ್ಚಿಗೆ ಮಿತಿ 40 ಲಕ್ಷ. ಊರಿಗೆಲ್ಲ ಊಟ ಹಾಕಿದವರ ಲೆಕ್ಕ 14 ಲಕ್ಷದ ಆಸುಪಾಸಿನಲ್ಲಿ ನಿಂತಿತ್ತು. ನಾನೇ ಕಣ್ಣಾರೆ ನೋಡಿದ ದೊಡ್ಡ ಸಮಾವೇಶಕ್ಕೆ ಬರೆದಿದ್ದು ಬರೀ ಇನ್ನೂರು ಕುರ್ಚಿ! ಆದರೆ ನನ್ನ ಹತ್ತಿರ ಏನಿತ್ತು? ದಿನಾಂಕವಿಲ್ಲದ, ಜಾಗ ಗೊತ್ತಾಗದ ನಾಲ್ಕು ವಾಟ್ಸಾಪ್ ಫೋಟೋ. ದೂರು ಕೊಟ್ಟೆ, ಬಿದ್ದುಹೋಯಿತು.

ಫಲಿತಾಂಶ ಬಂದ ಮೇಲೆ ಲೆಕ್ಕ ಕೆದಕಿದರೆ ಬರೀ ಚರಿತ್ರೆ ಓದಿದ ಹಾಗೆ. ಪ್ರಚಾರ ನಡೆಯುವಾಗಲೇ ಚುನಾವಣಾ ಅಧಿಕಾರಿಗಳು ಅಭ್ಯರ್ಥಿಯ ಪುಸ್ತಕವನ್ನು ಮೂರು ಸಲ ತಪಾಸಣೆ ಮಾಡುತ್ತಾರೆ. ನಮ್ಮ ಹಾಳೆ ಆ ತಪಾಸಣೆಯ ಹಿಂದಿನ ದಿನ ಮೇಜಿನ ಮೇಲಿರಬೇಕು. ಇದು ತಲೆಗೆ ಹೋಗಲು ನನಗೆ ಐದು ವರ್ಷ ಬೇಕಾಯಿತು.

2024ರ ಲೋಕಸಭೆಗೆ ಹಾಗೇ ಮಾಡಿದೆವು. ನಮ್ಮ ಕಡೆ ಮತದಾನ ಮೇ 7ಕ್ಕೆ, ಮಿತಿ 95 ಲಕ್ಷ. ನಾಲ್ಕು ಜನ, ಎರಡು ಬೈಕು. ಯಾವ ವಸ್ತುವಿಗೆ ಎಷ್ಟು ಖರ್ಚು ಹಿಡಿಯಬೇಕು ಅನ್ನುವ ಜಿಲ್ಲಾ ಚುನಾವಣಾಧಿಕಾರಿಯ ದರಪಟ್ಟಿ ಮೊದಲೇ ತಂದಿಟ್ಟುಕೊಂಡೆವು. ಪಟ್ಟಿಯಲ್ಲಿ ದರ ಇದ್ದ ವಸ್ತುವನ್ನು ಮಾತ್ರ ಎಣಿಸುವುದು ಅಂತ ಕಟ್ಟುನಿಟ್ಟು: ಕುರ್ಚಿ, ಶಾಮಿಯಾನ, ಫ್ಲೆಕ್ಸಿನ ಚದರಡಿ, ಗಾಡಿ, ಊಟ. ಹಂಚಿದ ನೋಟಿನ ತಂಟೆಗೆ ಹೋಗಲಿಲ್ಲ, ಅದನ್ನು ನಾವು ಸಾಬೀತು ಮಾಡಲು ಆಗಲ್ಲ. ಜನ ಬರುವ ಮೊದಲೇ ಹೋಗಿ ಒಂದು ಸಾಲು ಎಣಿಸಿ ಸಾಲುಗಳಿಂದ ಗುಣಿಸುವುದು. ಫೋಟೋದ ಮೇಲೆ ಸಮಯ, ಜಾಗ ಮೂಡುವ ಕ್ಯಾಮೆರಾ ಆ್ಯಪ್ ಫೋನಿನಲ್ಲಿ. ವೇದಿಕೆ ಫೋಟೋದಲ್ಲಿ ಅಭ್ಯರ್ಥಿಯ ಮುಖವೋ ಫ್ಲೆಕ್ಸೋ ಬರಲೇಬೇಕು, ಇಲ್ಲದಿದ್ದರೆ ಪಕ್ಷದ ಖರ್ಚು ಅಂತ ಜಾರಿಕೊಳ್ಳುತ್ತಾರೆ. ಪಕ್ಷದ ಖರ್ಚಿಗೆ ಮಿತಿಯೇ ಇಲ್ಲ ನೋಡಿ, ದೊಡ್ಡ ತೂತು ಅದೇ. ಸ್ಟಾರ್ ಪ್ರಚಾರಕರ (ಪಕ್ಷ ಪಟ್ಟಿ ಕೊಟ್ಟ ದೊಡ್ಡ ನಾಯಕರ) ಹೆಲಿಕಾಪ್ಟರೂ ಅದೇ ತೂತಿನಲ್ಲಿ ಹಾರಿಹೋಗುತ್ತದೆ.

ದೂರು ಕೊಡಲು ಚುನಾವಣಾ ಆಯೋಗ ಮಾಡಿದ ಸಿ-ವಿಜಿಲ್ ಆ್ಯಪನ್ನೂ ಪ್ರಯತ್ನಿಸಿದೆವು. ಗ್ಯಾಲರಿಯಿಂದ ಫೋಟೋ ಹಾಕಲು ಬಿಡಲ್ಲ, ನಿಂತ ಜಾಗದಿಂದಲೇ ಕಳಿಸಬೇಕು. ನಮ್ಮ ಕೆಲಸಕ್ಕೆ ಕಾಗದದ ಹಾಳೆಯೇ ಸರಿ.

ಎರಡನೇ ತಪಾಸಣೆಗೆ ಹಾಳೆ ಮುಟ್ಟಿಸಿದೆವು. ಪುಸ್ತಕದಲ್ಲಿ 300 ಕುರ್ಚಿ, ನಮ್ಮಲ್ಲಿ ಸಾವಿರದ ನೂರರ ಮೇಲೆ. ಅಭ್ಯರ್ಥಿಗೆ ನೋಟಿಸ್ ಹೋಯಿತು. ಕುರ್ಚಿ, ಪೆಂಡಾಲು, ಊಟ, ಗಾಡಿ, ಇನ್ನೆರಡು ಸಭೆ ಎಲ್ಲ ಸೇರಿ ಎರಡು ಲಕ್ಷದ ಮೇಲೆ ಚಿಲ್ಲರೆ ಅಭ್ಯರ್ಥಿಯ ಲೆಕ್ಕಕ್ಕೆ ಹತ್ತಿತು. ದೊಡ್ಡ ಮೊತ್ತ ಅಲ್ಲ, ಒಪ್ಪುತ್ತೇನೆ. ಆದರೆ ವಾರದ ನಂತರ ಅಭ್ಯರ್ಥಿಯ ಕಡೆ ಲೆಕ್ಕ ಬರೆಯುವ ಹುಡುಗ ಫೋನ್ ಮಾಡಿ "ಸಾರ್, ನಾಳೆ ಎಷ್ಟು ಎಣಿಸ್ತೀರಿ ಹೇಳಿಬಿಡಿ, ಅಷ್ಟೇ ಬರ್ಕೋತೀವಿ" ಅಂದ. ಆ ರಾತ್ರಿ ನಾನು ಸರಿಯಾಗಿ ನಿದ್ದೆ ಮಾಡಿದೆ. ಅವನಿಗೆ ಉತ್ತರ ಮಾತ್ರ ಕೊಡಲಿಲ್ಲ.

ಮಧ್ಯೆ ಒಂದು ಹುಚ್ಚು. ಆ ವರ್ಷ ಫೆಬ್ರವರಿ 15ಕ್ಕೆ ಸುಪ್ರೀಂ ಕೋರ್ಟ್ ಬಾಂಡ್ ರದ್ದು ಮಾಡಿ, ಮಾರ್ಚಿನಲ್ಲಿ ಬಾಂಡ್ ಕೊಂಡವರ ಪಟ್ಟಿ ಹೊರಬಂತಲ್ಲ, ನಮ್ಮ ಜಿಲ್ಲೆಯವರು ಯಾರಿದ್ದಾರೆ ಅಂತ ಹುಡುಕಲು ಎರಡು ರಾತ್ರಿ ಕೂತೆ. ಬರೀ ಹೆಸರು, ವಿಳಾಸವೇ ಇಲ್ಲ. ಕೈಬಿಟ್ಟೆ. ಬದಲಿಗೆ 20 ಸಾವಿರ ದಾಟಿದ ದೇಣಿಗೆ ಬಗ್ಗೆ ಪಕ್ಷಗಳು ಆಯೋಗಕ್ಕೆ ಕೊಡುವ ವಾರ್ಷಿಕ ಪಟ್ಟಿ ಹಿಡಿದೆ. ಅದರಲ್ಲಿ ವಿಳಾಸ ಇರುತ್ತದೆ. ನಮ್ಮ ಜಿಲ್ಲೆಯ ಪಿನ್ ಕೋಡ್ ಹಾಕಿ ಹುಡುಕಿದರೆ ಹತ್ತು ಹನ್ನೆರಡು ಹೆಸರು ಸಿಕ್ಕವು, ಅದರಲ್ಲಿ ಕೆಲವು ಸುಮ್ನೆ ಓದಿ ಬಿಡುವಂಥವಲ್ಲ. ಅದರ ಕಥೆ ಇನ್ನೊಂದು ಸಲ.

2024ಕ್ಕೆ ನಮ್ಮ ಖರ್ಚು ಪೆಟ್ರೋಲು, ಝೆರಾಕ್ಸು, ಚಹಾ ಸೇರಿ ಆರು ಸಾವಿರದೊಳಗೆ. ಸಹಿ ಸಂಗ್ರಹಕ್ಕೆ ಕಳೆದಿದ್ದು ಅದಕ್ಕಿಂತ ಜಾಸ್ತಿ.

ತಪಾಸಣೆಯ ದಿನ ಮೊದಲೇ ಹೇಗೆ ತಿಳಿಯಿತು, ಅಡುಗೆಯವರಿಂದ ಊಟದ ಲೆಕ್ಕ ಹೇಗೆ ಬಂತು, ಇವೆರಡನ್ನು ಮಾತ್ರ ಕೇಳಬೇಡಿ. ಮುಂದಿನ ಚುನಾವಣೆಗೂ ಬೇಕು. ಹಾಳೆಯ ನಮೂನೆ ಬೇಕಾದವರಿಗೆ ಕಳಿಸುತ್ತೇನೆ. ಅದರಲ್ಲಿ ಕುರ್ಚಿ ಕಾಲಂ ಎರಡು ಸಲ ಬರುತ್ತದೆ, ಅದು ತಪ್ಪಲ್ಲ, ಅಳಿಸಬೇಡಿ.