ವಿಲೀನವೇ ಕಪ್ಪುಕುಳಿಗೆ ಅನಿಲ ಒದಗಿಸುತ್ತಿದೆಯೇ? ಪರಿಶೀಲಿಸುವ ಕ್ರಮ

ಗೆಲಾಕ್ಸಿಯೊಂದರ ಕೇಂದ್ರ ಪ್ರಖರವಾಗಿ ಬೆಳಗುತ್ತಿದ್ದು ಪಕ್ಕದಲ್ಲೇ ಮತ್ತೊಂದು ಗೆಲಾಕ್ಸಿ ಕಂಡರೆ, ಇವೆರಡರ ವಿಲೀನವೇ ಕೇಂದ್ರದ ಕಪ್ಪುಕುಳಿಗೆ ಅನಿಲ ಒದಗಿಸುತ್ತಿದೆಯೆಂದು ಕೂಡಲೇ ತೀರ್ಮಾನಿಸಬಾರದು. ಮೊದಲು ರೋಹಿತದಿಂದ (ಬಣ್ಣಗಳಾಗಿ ಬಿಡಿಸಿದ ಬೆಳಕಿನಿಂದ) ಎರಡರ ಕೆಂಪು ಪಲ್ಲಟವನ್ನು, ಅಂದರೆ ದೂರವನ್ನೂ ವೇಗವನ್ನೂ ಸೂಚಿಸುವ ತರಂಗಾಂತರದ ಹಿಗ್ಗನ್ನು ಹೋಲಿಸಬೇಕು. ಚಿತ್ರದಲ್ಲಿ ಅಕ್ಕಪಕ್ಕ ಇರುವವು ವಾಸ್ತವದಲ್ಲಿ ಬಹುದೂರ ಇರಬಹುದು. ಒಂದೇ ಎಂದುಕೊಂಡದ್ದು ಎರಡಾಗಿರಲೂಬಹುದು. ಎನ್‌ಜಿಸಿ 7733ರ ಸುರುಳಿ ತೋಳಿನಲ್ಲಿ ಕಾಣುತ್ತಿದ್ದ ಹೊಳೆಯುವ ಮುದ್ದೆಯೊಂದು ಆ ಗೆಲಾಕ್ಸಿಗಿಂತ ಬೇರೆ ವೇಗದಲ್ಲಿ ಚಲಿಸುತ್ತಿರುವುದನ್ನು ಗಮನಿಸಿ, ಅದು ಸಕ್ರಿಯ ಕೇಂದ್ರವುಳ್ಳ (ಕಪ್ಪುಕುಳಿ ಅನಿಲ ನುಂಗುತ್ತ ಬೆಳಗುವ) ಪ್ರತ್ಯೇಕ ಗೆಲಾಕ್ಸಿಯೆಂದು 2021ರಲ್ಲಿ ತೋರಿಸಿದವರು ಬೆಂಗಳೂರಿನ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯ ಸಂಶೋಧಕರು ಮತ್ತು ಅವರ ಸಹವರ್ತಿಗಳು.

ಅನಂತರ ವಿಲೀನದ ಗುರುತುಗಳನ್ನು, ಅಂದರೆ ಉದ್ದನೆಯ ನಕ್ಷತ್ರಬಾಲ, ಚಿಪ್ಪಿನಾಕಾರದ ಮಸುಕು ವಲಯ, ಜೋಡಿ ಕೇಂದ್ರಗಳನ್ನು ಹುಡುಕಬೇಕು. ಇಂಥ ಬಾಲಗಳು ಗುರುತ್ವದ ಸೆಳೆತದಿಂದಲೇ ಮೂಡಬಲ್ಲವೆಂದು ವಿಜ್ಞಾನಿಗಳಾದ ಟೂಮ್ರೆ ಸಹೋದರರು 1972ರಲ್ಲೇ ಲೆಕ್ಕಹಾಕಿ ತೋರಿಸಿದ್ದರು.

ಎಲ್ಲಕ್ಕಿಂತ ಕಠಿಣವಾದದ್ದು, ಆದರೂ ಅವಸರದಲ್ಲಿ ದಾಟಿಬಿಡುವಂಥದ್ದು, ಅನಿಲದ ಪರಿಶೀಲನೆ. ಸಾವಿರಾರು ಜ್ಯೋತಿರ್ವರ್ಷ ದೂರದಲ್ಲಿ ಸುತ್ತುತ್ತಿರುವ ಅನಿಲ ತನ್ನ ಕೋನೀಯ ಸಂವೇಗವನ್ನು, ಅಂದರೆ ಸುತ್ತುವಿಕೆಯ ಸಂವೇಗವನ್ನು ಕಳೆದುಕೊಳ್ಳದೆ ಕೇಂದ್ರಕ್ಕೆ ಬೀಳಲಾರದು. ವಿಲೀನದ ವೇಳೆ ನಕ್ಷತ್ರಗಳೂ ಅನಿಲವೂ ಪಟ್ಟಿಯ ಆಕಾರ ತಾಳುತ್ತವೆ. ಸುತ್ತುವ ದಿಕ್ಕಿನಲ್ಲಿ ಅನಿಲದ ಪಟ್ಟಿ ತುಸು ಮುಂದಿರುವುದರಿಂದ ನಕ್ಷತ್ರಗಳ ಗುರುತ್ವ ಅದನ್ನು ಹಿಂದಕ್ಕೆಳೆಯುತ್ತದೆ, ಅನಿಲ ಒಳಗಿಳಿಯುತ್ತದೆ. ಆದ್ದರಿಂದ ಆಲ್ಮಾ ರೇಡಿಯೋ ದೂರದರ್ಶಕ ವ್ಯೂಹವು ಕೊಡುವ, ತಣ್ಣನೆಯ ಅನಿಲದ ಸುಳಿವಾದ ಕಾರ್ಬನ್ ಮಾನಾಕ್ಸೈಡ್‌ನ ದತ್ತಾಂಶದಲ್ಲಿ ಅನಿಲ ಎಲ್ಲಿ ರಾಶಿಬಿದ್ದಿದೆ ಎಂಬುದರ ಜೊತೆಗೆ ಅದು ಯಾವ ಕಡೆಗೆ, ಯಾವ ವೇಗದಲ್ಲಿ ಹರಿಯುತ್ತಿದೆ ಎಂಬುದನ್ನೂ ನೋಡಬೇಕು. ಒಳಬಂದ ಅನಿಲದ ಹೆಚ್ಚಿನ ಭಾಗ ಹೊಸ ನಕ್ಷತ್ರಗಳಾಗಿಬಿಡುತ್ತದೆ. ಕಪ್ಪುಕುಳಿಗೆ ಅದರ ಪಾಲು ತಲುಪುವಷ್ಟರಲ್ಲಿ ಬಾಲಗಳು ಮಾಸಿಹೋಗಿರಬಹುದಾದ್ದರಿಂದ, ಬಾಲ ಕಾಣದಿರುವುದು ವಿಲೀನ ನಡೆದಿಲ್ಲವೆಂಬುದಕ್ಕೆ ಪುರಾವೆಯಾಗದು.

ಅನಿಲದೊಡನೆ ಬಂದ ದೂಳು ಕೇಂದ್ರವನ್ನು ಮುಚ್ಚುವುದರಿಂದ ಗೋಚರ ಬೆಳಕೊಂದನ್ನೇ ನಂಬುವಂತಿಲ್ಲ. ಅವಕೆಂಪು ಬೆಳಕನ್ನು ಅಳೆದ ವೈಸ್ ಉಪಗ್ರಹದ 3.4 ಮತ್ತು 4.6 ಮೈಕ್ರಾನ್ ಅಳತೆಗಳ ನಡುವೆ ಕಾಂತಿಮಾನದ (ಹೊಳಪಿನ ಅಳತೆಯ) ಅಂತರ 0.8 ಅಥವಾ ಹೆಚ್ಚಿದ್ದರೆ ಮರೆಯಾಗಿರುವ ಸಕ್ರಿಯ ಕೇಂದ್ರವನ್ನು ಶಂಕಿಸಬಹುದು. ವಿಲೀನಗೊಳ್ಳುತ್ತಿರುವ ಗೆಲಾಕ್ಸಿ ಎನ್‌ಜಿಸಿ 6240ರ ಎರಡೂ ಕಪ್ಪುಕುಳಿಗಳು ಸಕ್ರಿಯವೆಂದು 2002ರಲ್ಲಿ ಪ್ರಕಟವಾದದ್ದು ಚಂದ್ರಾ ವೀಕ್ಷಣಾಲಯದ ಎಕ್ಸ್-ಕಿರಣ ಚಿತ್ರದ ಆಧಾರದ ಮೇಲೆ.

ಒಂದು ಗೆಲಾಕ್ಸಿಯಿಂದ ಸಾಮಾನ್ಯ ನಿಯಮಕ್ಕೆ ಹೋಗಬೇಕಾದರೆ, ಅಷ್ಟೇ ದ್ರವ್ಯರಾಶಿಯ, ಅಷ್ಟೇ ದೂರದ ನಿಷ್ಕ್ರಿಯ ಗೆಲಾಕ್ಸಿಗಳನ್ನೂ ಅದೇ ಕಣ್ಣಿನಿಂದ ನೋಡಬೇಕು. ಹಬಲ್ ಚಿತ್ರಗಳ ಮೇಲೆ ಹೀಗೆ ಮಾಡಿದ 2011ರ ಅಧ್ಯಯನವೊಂದರಲ್ಲಿ ಎರಡು ಗುಂಪುಗಳ ನಡುವೆ ವಿಲೀನದ ಗುರುತುಗಳಲ್ಲಿ ಗಮನಾರ್ಹ ವ್ಯತ್ಯಾಸ ಸಿಗಲಿಲ್ಲ; ಮರುವರ್ಷದ ಇನ್ನೊಂದು ಅಧ್ಯಯನ ಅತ್ಯಂತ ಪ್ರಕಾಶಮಾನ ಕೇಂದ್ರಗಳಿಗೂ ವಿಲೀನಕ್ಕೂ ನಂಟಿದೆಯೆಂದಿತು. ಹೀಗಾಗಿ ಕೇಂದ್ರಗಳನ್ನು ಪ್ರಕಾಶದ ಪ್ರಕಾರ ವಿಂಗಡಿಸಿದ ಮೇಲೆಯೇ ಹೋಲಿಕೆಗೆ ತೊಡಗಬೇಕು.